ಮಾರುತಿ 800 ಎಕ್ಸಲರೇಟರ್ ಕೇಬಲ್ ಲೂಸ್: ಒಂದಿಂಚು ಒತ್ತಿದ ಮೇಲೇ ರೇಸ್ ಆಗ್ತಿದೆ

ದೇವಿಮನೆ ಡ್ರೈವರ್

ಎಲ್ಲರಿಗೂ ನಮಸ್ಕಾರ. ನಮ್ಮದು 1998ರ ಮಾರುತಿ 800. ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿ, ನಾಲ್ಕು ಗೇರು. ಅಪ್ಪ ತೆಗೆದುಕೊಂಡಿದ್ದು, ಈಗ ನಾನು ಓಡಿಸುತ್ತಿದ್ದೇನೆ. ತಿಂಗಳಿಗೆ ಎರಡು ಸಲ ಶಿರಸಿಯಿಂದ ಕುಮಟಾಕ್ಕೆ ಹೋಗಿ ಬರುತ್ತೇನೆ.

ಹೋಗುವಾಗ ಏನೂ ಗೊತ್ತಾಗುವುದಿಲ್ಲ, ಘಟ್ಟ ಇಳಿಯುವುದೇ ಅಲ್ವಾ. ವಾಪಸ್ ಬರುವಾಗ ದೇವಿಮನೆ ಘಟ್ಟದಲ್ಲಿ ಮಾನ ಹೋಗುತ್ತದೆ. ಮೊದಲು ಎರಡನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತಿದ್ದ ತಿರುವಿನಲ್ಲಿ ಈಗ ಒಂದನೇ ಗೇರಿಗೆ ಬರಬೇಕು. ಹಿಂದೆ ಬಸ್ಸಿನವನು ಹಾರ್ನ್ ಹೊಡೆಯುತ್ತಾ ನಿಲ್ಲುತ್ತಾನೆ.

ಪೆಡಲ್ ಮೇಲಿನ ಒಂದಿಂಚು ಸುಮ್ನೆ ಕೆಳಗೆ ಹೋಗುತ್ತದೆ. ಕಾಲಿಗೆ ಏನೂ ಹತ್ತಿದ ಹಾಗೆ ಇರುವುದಿಲ್ಲ. ಆಮೇಲೆ ಎಂಜಿನ್ ರೇಸ್ ಆಗುತ್ತದೆ. ಸ್ಟಾರ್ಟಿಂಗ್ ಚೆನ್ನಾಗಿದೆ, ಸ್ಲೋ (ಪೆಡಲ್ ಮುಟ್ಟದೆ ಎಂಜಿನ್ ನಿಧಾನಕ್ಕೆ ಓಡುವುದು) ಕೂಡ ಸರಿಯಾಗಿದೆ. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದವರೇ "ಕಾರ್ಬ್ಯುರೇಟರ್ ಹೋಗಿದೆ, ಹೊಸದು ಹಾಕಿಸಿ" ಅಂದರು. ಕೇಬಲ್ ಮುಟ್ಟಿಯೂ ನೋಡಲಿಲ್ಲ. ನನಗೆ ಯಾಕೋ ಕೇಬಲ್ಲೇ ಲೂಸ್ ಆಗಿದೆ ಅನ್ನಿಸುತ್ತಿದೆ. ಮನೆಯಲ್ಲೇ ಬಿಗಿ ಮಾಡಬಹುದಾ? ಎಷ್ಟು ಬಿಗಿ ಮಾಡಬೇಕು?

ಬೈಕ್ ಹುಡುಗ

ಬಾಸ್, ಇದು ಐದು ನಿಮಿಷದ ಕೆಲಸ. ಬೈಕಿನಲ್ಲಿ ಮಾಡುವ ಹಾಗೇ. ಕಾರ್ಬ್ಯುರೇಟರ್ ಹತ್ತಿರ ಕೇಬಲ್ ಬಂದು ಸೇರುವ ಕಡೆ ಎರಡು ನಟ್ ಇರುತ್ತವೆ. ಒಂದನ್ನು ಬಿಚ್ಚಿ, ಇನ್ನೊಂದನ್ನು ತಿರುಗಿಸಿ, ಲೂಸ್ ಪೂರ್ತಿ ತೆಗೆದುಬಿಡಿ. ಜೊತೆಗೆ ಕೇಬಲ್ ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಬಿಡಿ, ಬೆಣ್ಣೆ ಥರ ಆಗುತ್ತದೆ.

ಪಾನಾ ಪಕ್ಕಡ್

ಲೂಸ್ ಪೂರ್ತಿ ತೆಗೀಬ್ಯಾಡ್ರಿ. ಮೊದಲು ಅದನ್ನ ಹೇಳಿಬಿಡ್ತೀನಿ.

ನಾನು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಗ್ಯಾರೇಜ್ ನಡೆಸಿದವನು. ಈಗ ಮಗ ನೋಡಿಕೊಳ್ಳುತ್ತಾನೆ. ಕಾರಿನ ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕುಂತಿರ್ತದೆ. ಕ್ಲಚ್ ಬಿಟ್ಟ ಕೂಡಲೇ ಒಂದು ಕಡೆ ವಾಲುತ್ತದೆ. ರಿವರ್ಸ್ ಹಾಕಿದರೆ ಇನ್ನೊಂದು ಕಡೆ. ಕೇಬಲ್ಲಿನ ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಎಂಜಿನ್ನಿಗೆ. ನೀವು ತಂತಿಯನ್ನ ವೀಣೆ ತಂತಿ ಹಾಗೆ ಬಿಗಿದರೆ, ಎಂಜಿನ್ ವಾಲಿದಾಗ ಕೇಬಲ್ ತಾನೇ ಎಳೆದುಕೊಂಡು ರೇಸ್ ಕೊಡ್ತದೆ. ಕಾಲು ಪೆಡಲ್ ಮೇಲೆ ಇಲ್ಲದೇನೇ.

ಎರಡನೇದು, ಲೂಸ್ ಯಾಕೆ ಬಂತು ಅನ್ನೋದು ತಿಳೀದೆ ನಟ್ ತಿರುಗಿಸಬ್ಯಾಡ್ರಿ. ತಂತಿ ರಬ್ಬರ್ ಅಲ್ಲ. ಇಪ್ಪತ್ತೈದು ವರ್ಷ ಆದರೂ ಎದ್ದು ಕಾಣುವಷ್ಟು ಉದ್ದ ಆಗೋದಿಲ್ಲ. ಎಲ್ಲೋ ಏನೋ ಜಾರಿದೆ, ಇಲ್ಲ ಬಗ್ಗಿದೆ, ಇಲ್ಲ ಕಡೀತಾ ಇದೆ.

ಪುತ್ತೂರು ಓಮ್ನಿ

ಮಾರಾಯ್ರೆ, ಮೊದಲು ಪೆಡಲಿನ ಕೆಳಗೆ ನೋಡಿ. ಮ್ಯಾಟ್ ಎಷ್ಟು ಉಂಟು?

ನಗಬೇಡಿ. ನನ್ನದು ಓಮ್ನಿ, ನಿಮ್ಮದೇ 796 ಸಿಸಿ ಮೂರು ಸಿಲಿಂಡರ್ ಎಂಜಿನ್. ಮಳೆಗಾಲದಲ್ಲಿ ಕೆಸರು ಅಂತ ರಬ್ಬರ್ ಮ್ಯಾಟಿನ ಮೇಲೆ ಇನ್ನೊಂದು ಕಾಯರ್ ಮ್ಯಾಟ್, ಅದರ ಮೇಲೆ ಗೋಣಿ ತುಂಡು ಹಾಕಿದ್ದೆ. ಪೆಡಲ್ ನೆಲಕ್ಕೆ ಮುಟ್ಟುವ ಮೊದಲೇ ಮ್ಯಾಟಿಗೆ ಮುಟ್ಟುತ್ತಿತ್ತು. ಎರಡು ತಿಂಗಳು ಪಿಕಪ್ ಇಲ್ಲ ಪಿಕಪ್ ಇಲ್ಲ ಅಂತ ಪ್ಲಗ್ ಬದಲಿಸಿದೆ, ಫಿಲ್ಟರ್ ಬದಲಿಸಿದೆ. ಕೊನೆಗೆ ಹೆಂಡತಿ ಗಾಡಿ ತೊಳೆಯಲು ಮ್ಯಾಟ್ ಹೊರಗೆ ಹಾಕಿದ ದಿವಸ ಗಾಡಿ ಹಾರಿತು.

ದೇವಿಮನೆ ಡ್ರೈವರ್

ಪುತ್ತೂರು ಅಣ್ಣ, ನಿಮ್ಮ ಮಾತು ಓದಿ ಈಗಲೇ ಹೋಗಿ ನೋಡಿದೆ. ಎರಡು ಮ್ಯಾಟ್ ಇದೆ. 😀 ಆದರೆ ಮೇಲಿನ ಒಂದಿಂಚು ಖಾಲಿ ಆಟ ಮ್ಯಾಟಿನಿಂದ ಬಂದದ್ದಲ್ಲ ಅಲ್ವಾ?

ಪಾನಾ ಸರ್, ಬಿಗಿ ಮಾಡುವ ಕ್ರಮ ಸ್ವಲ್ಪ ಬಿಡಿಸಿ ಹೇಳುತ್ತೀರಾ? ನನ್ನ ಹತ್ತಿರ ಸ್ಪ್ಯಾನರ್ ಸೆಟ್ ಇದೆ, ಧೈರ್ಯ ಸ್ವಲ್ಪ ಕಮ್ಮಿ.

ಪಾನಾ ಪಕ್ಕಡ್

ಬರೀರಿ.

ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ. ಎಂಜಿನ್ ಬಿಸಿ ಆಗಿರಬೇಕು. ಚೋಕ್ ನಾಬ್ ಪೂರ್ತಿ ಒಳಗೆ ತಳ್ಳಿರಬೇಕು. ಇದು ಭಾಳ ಮಂದಿಗೆ ಗೊತ್ತಿಲ್ಲ. ಚೋಕ್ ಎಳೆದಾಗ ಅದು ಗಾಳಿ ಬಾಗಿಲು ಮುಚ್ಚೋದರ ಜೊತೆಗೆ ಥ್ರಾಟಲ್ ಲಿವರನ್ನೂ (ಕೇಬಲ್ ಎಳೆದು ಎಂಜಿನ್ನಿಗೆ ರೇಸ್ ಕೊಡೋ ಲಿವರ್) ಸ್ವಲ್ಪ ತೆಗೀತದೆ, ತಣ್ಣಗಿನ ಎಂಜಿನ್ ನಿಲ್ಲಬಾರದು ಅಂತ. ಲಿವರ್ ಮುಂದೆ ಸರಿದರೆ ತಂತಿ ಸಡಿಲ ಕಾಣ್ತದೆ. ಆಗ ನೀವು ಬಿಗಿ ಮಾಡಿದಿರೋ, ಚೋಕ್ ಒಳಗೆ ಹೋದ ಮೇಲೆ ಲಿವರ್ ವಾಪಸ್ ಹೋಗೋಕೆ ತಂತಿ ಬಿಡೋದಿಲ್ಲ. ಸ್ಲೋ ಏರಿ ಕೂಗ್ತಾ ಇರ್ತದೆ. ಎಸಿ ಗಾಡಿ ಆದರೆ ಎಸಿನೂ ಬಂದ್ ಇರಲಿ, ಕಾರಣ ಅದೇ.

ಎಂಜಿನ್ ಬಂದ್ ಮಾಡ್ರಿ. ಏರ್ ಫಿಲ್ಟರ್ ಡಬ್ಬಿ ಅಡ್ಡ ಬಂದರೆ ತೆಗೀರಿ. ಕಾರ್ಬ್ಯುರೇಟರ್ ಬಾಯಿಗೆ ಒಂದು ಶುಭ್ರ ಬಟ್ಟೆ ಮುಚ್ರಿ, ಒಂದು ವಾಷರ್ ಒಳಗೆ ಬಿದ್ದರೆ ಸಣ್ಣ ಕೆಲಸ ದೊಡ್ಡದಾಗ್ತದೆ. ಕೇಬಲ್ಲಿನ ಹೊರಗಿನ ಕರಿ ಕವಚ ಬಂದು ಒಂದು ಬ್ರಾಕೆಟ್ಟಿನಲ್ಲಿ ನಿಲ್ತದೆ. ಅದರ ತುದಿಗೆ ಮರೆ, ಅಂದರೆ ಥ್ರೆಡ್ ಇದೆ. ಬ್ರಾಕೆಟ್ಟಿನ ಆ ಕಡೆ ಒಂದು ನಟ್, ಈ ಕಡೆ ಒಂದು ನಟ್. 10 ಇಲ್ಲಾ 12ರ ಪಾನಾ ಸಾಕು.

ಬೆರಳಿನಿಂದ ಒಳಗಿನ ತಂತಿ ಒತ್ತಿ ನೋಡ್ರಿ. ಲಿವರ್ ಅಲುಗಾಡದೆ ತಂತಿ 3ರಿಂದ 5 ಮಿಲಿಮೀಟರ್ ಆಡಿದರೆ ಸರಿ. ನಾನು ಅಳತೆಗೆ ಸ್ಕೇಲ್ ಹಿಡಿದವನಲ್ಲ. ಪೆನ್ಸಿಲ್ಲಿನ ಅರ್ಧ ದಪ್ಪ ಅಂತ ಹುಡುಗರಿಗೆ ಹೇಳ್ತಿದ್ದೆ.

ಈಗ ಎಲ್ಲರೂ ತಪ್ಪೋ ಜಾಗ. ಕರಿ ಕವಚ ಲಿವರಿನಿಂದ ದೂರ ಸರಿದಷ್ಟೂ ತಂತಿ ಬಿಗಿ ಆಗ್ತದೆ. ಲಿವರಿನ ಕಡೆ ಬಂದಷ್ಟೂ ಸಡಿಲ. ಲಿವರಿನ ಕಡೆಯ ನಟ್ ಸಡಿಲ ಮಾಡಿ ಹಿಂದೆ ಬಿಡ್ರಿ, ಬ್ರಾಕೆಟ್ಟಿನ ಇನ್ನೊಂದು ಕಡೆಯ ನಟ್ ಬ್ರಾಕೆಟ್ಟಿಗೆ ಒತ್ತಿ ತಿರುಗಿಸ್ರಿ. ಕವಚ ಹಿಂದಕ್ಕೆ ಸರೀತದೆ. ಒಂದು ಸಲಕ್ಕೆ ಅರ್ಧ ಸುತ್ತು, ಬೆರಳಿನಿಂದ ನೋಡೋದು, ಮತ್ತೆ ಅರ್ಧ ಸುತ್ತು. ಸರಿ ಬಂದ ಮೇಲೆ ಎರಡೂ ನಟ್ ಎದುರಾಬದುರು ಬಿಗಿದು ಲಾಕ್ ಮಾಡ್ರಿ. ಬಿಗಿಯುವಾಗ ಕವಚ ತಿರುಗಬಾರದು, ಕೈಯಿಂದ ಹಿಡೀರಿ.

ಬೈಕ್ ಹುಡುಗ

ಸರ್, ಆಯಿಲ್ ಬಗ್ಗೆ ಏನೂ ಹೇಳಲಿಲ್ಲ. ನಾನು ನನ್ನ ಬೈಕಿಗೆ ಆರು ತಿಂಗಳಿಗೊಮ್ಮೆ ಹಾಕುತ್ತೇನೆ, ಒಂದು ಕೇಬಲ್ಲೂ ಕಟ್ ಆಗಿಲ್ಲ.

ಪಾನಾ ಪಕ್ಕಡ್

ಹಳೇ ಕಾಲದ ಕೇಬಲ್ ಒಳಗೆ ಕಬ್ಬಿಣದ ಸುರುಳಿ ಅಷ್ಟೇ ಇರ್ತಿತ್ತು. ಅದಕ್ಕೆ ಆಯಿಲ್ ಬೇಕೇ ಬೇಕು. ಈಗಿನದಕ್ಕೆ ಒಳಗೆ ಪ್ಲಾಸ್ಟಿಕ್ ಕೊಳವೆ ಇರ್ತದೆ. ಅದು ಒಣಗಿದ್ದರೇ ಚಂದ. ಗ್ರೀಸ್ ಹಾಕಿದರೆ ಧೂಳು ಹಿಡಿದು ಹಿಟ್ಟಿನ ಹಾಗೆ ಗಟ್ಟಿ ಆಗ್ತದೆ, ಆಮೇಲೆ ಪೆಡಲ್ ಬಿಟ್ಟರೂ ವಾಪಸ್ ಬರೋದಿಲ್ಲ.

ಬೈಕ್ ಹುಡುಗ

ಗ್ರೀಸ್ ಅಂತ ನಾನು ಹೇಳಲೇ ಇಲ್ಲ. ತೆಳು ಆಯಿಲ್ ಎರಡು ಹನಿ ಹಾಕಿದರೆ ಏನೂ ಆಗಲ್ಲ. ನಮ್ಮ ಕಡೆ ಎಲ್ಲರೂ ಹಾಕ್ತಾರೆ.

ಪಾನಾ ಪಕ್ಕಡ್

ಹಾಕ್ರಿ. ನಿಮ್ಮ ಗಾಡಿ.

ಮೈಸೂರು ಇಂಜೆಕ್ಷನ್

ಒಂದು ಎಚ್ಚರಿಕೆ, ಇದನ್ನು ಓದುವ ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್) 800 ಅಥವಾ ಹಳೇ ಆಲ್ಟೊ ಇರುವವರಿಗೆ. ಕೇಬಲ್ ಅಡ್ಜಸ್ಟ್ ಮಾಡುವುದು ಹೆಚ್ಚುಕಮ್ಮಿ ಹೀಗೇ. ಆದರೆ ನಮ್ಮಲ್ಲಿ ಕಾರ್ಬ್ಯುರೇಟರ್ ಜಾಗದಲ್ಲಿ ಥ್ರಾಟಲ್ ಬಾಡಿ ಇದೆ, ಅದರ ಪಕ್ಕ ಒಂದು ಸೆನ್ಸರ್. ಥ್ರಾಟಲ್ ಎಷ್ಟು ತೆರೆದಿದೆ ಅಂತ ಅದು ಕಂಪ್ಯೂಟರಿಗೆ ಹೇಳುತ್ತದೆ.

ನನ್ನ ಗಾಡಿಗೆ ಯಾರೋ ಕೇಬಲ್ ಟೈಟ್ ಮಾಡಿದ್ದರು. ಪೆಡಲ್ ಬಿಟ್ಟರೂ ಥ್ರಾಟಲ್ ಕೂದಲೆಳೆಯಷ್ಟು ತೆರೆದೇ ಇರುತ್ತಿತ್ತು. ಕಂಪ್ಯೂಟರಿಗೆ ನಾನಿನ್ನೂ ಕಾಲು ಇಟ್ಟಿದ್ದೇನೆ ಅಂತ ಲೆಕ್ಕ. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಜೋರಾಗಿ ಕೂಗುವುದು, ಒಮ್ಮೊಮ್ಮೆ ಏರಿಳಿಯುವುದು. ಒಂದು ಗ್ಯಾರೇಜಿನಲ್ಲಿ ಸೆನ್ಸರ್ ಬದಲಿಸಿದರು, ಇನ್ನೊಂದರಲ್ಲಿ ಐಡಲ್ ವಾಲ್ವ್ ತೊಳೆದರು. ಮೂರನೆಯವನು, ಚಿಕ್ಕ ಹುಡುಗ, ಕೇಬಲ್ ಒಂದು ಸುತ್ತು ಸಡಿಲ ಮಾಡಿದ. ಟೀ ಕುಡಿಯಲು ಇಪ್ಪತ್ತು ರೂಪಾಯಿ ಕೇಳಿದ. ನನಗೆ ನಾಚಿಕೆ ಆಗಿ ಇನ್ನೂರು ಕೊಟ್ಟೆ.

ಥ್ರಾಟಲ್ ಬಾಡಿಯಲ್ಲಿ ಲಿವರ್ ಬಂದು ನಿಲ್ಲುವ ಸಣ್ಣ ಸ್ಕ್ರೂ ಇದೆ. ಸ್ಲೋ ಜಾಸ್ತಿ ಮಾಡಲು ಅದನ್ನು ಮುಟ್ಟಬೇಡಿ. ಅದು ಕಂಪನಿಯಲ್ಲೇ ಸೆಟ್ ಆಗಿ ಬಂದಿರುತ್ತದೆ.

ಇನ್ನು ಹೊಸ ಗಾಡಿಗಳಲ್ಲಿ ಈ ಕಥೆಯೇ ಇಲ್ಲ, ಪೆಡಲಿನಲ್ಲೇ ಸೆನ್ಸರ್, ಉಳಿದದ್ದು ವೈರು ಮತ್ತು ಮೋಟಾರು. ಲೂಸ್ ಆಗಲು ತಂತಿಯೇ ಇಲ್ಲ.

ದೇವಿಮನೆ ಡ್ರೈವರ್

ಭಾನುವಾರ ಬೆಳಿಗ್ಗೆ ಕುಳಿತೆ. ವರದಿ ಒಪ್ಪಿಸುತ್ತಿದ್ದೇನೆ.

ಗಾಡಿ ಬಿಸಿ ಮಾಡಿಕೊಂಡು ಬಂದೆ, ಚೋಕ್ ಒಳಗೆ. ತಂತಿ ಬೆರಳಿಗೆ 12 ಮಿಲಿಮೀಟರ್ ಹತ್ತಿರ ಆಡುತ್ತಿತ್ತು. ಸ್ಕೇಲ್ ಹಿಡಿದೇ ನೋಡಿದೆ, ಪಾನಾ ಸರ್ ಬೈಯಬೇಡಿ. ನಟ್‌ಗಳಿಗೆ ತುಕ್ಕು ಹಿಡಿದಿತ್ತು. ಸ್ವಲ್ಪ ಸೀಮೆಎಣ್ಣೆ ಬಿಟ್ಟು ಕಾಯಬೇಕಾಯಿತು. ಮೊದಲ ಸಲ ಉಲ್ಟಾ ತಿರುಗಿಸಿದೆ, ಇನ್ನೂ ಸಡಿಲ ಆಯಿತು. ಆಮೇಲೆ ನಿಮ್ಮ ಸಾಲು ಮತ್ತೆ ಓದಿ ಸರಿ ಮಾಡಿದೆ. ಈಗ 4 ಮಿಲಿಮೀಟರ್.

ಸ್ಟಾರ್ಟ್ ಮಾಡಿದರೆ ಸ್ಲೋ ಹಾಗೇ ಇದೆ, ಏರಿಲ್ಲ. ಪೆಡಲ್ ಮುಟ್ಟಿದರೆ ಸಾಕು, ಎಂಜಿನ್ ಮಾತಾಡುತ್ತದೆ. ಖುಷಿಯಾಯಿತು!

ಪಾನಾ ಪಕ್ಕಡ್

ಅರ್ಧ ಕೆಲಸ ಆತು. ಇನ್ನರ್ಧ ನೋಡ್ರಿ. ಮನೆಯವರನ್ನು ಯಾರನ್ನಾದರೂ ಡ್ರೈವರ್ ಸೀಟಿನಲ್ಲಿ ಕೂರಿಸ್ರಿ. ಎಂಜಿನ್ ಬಂದ್. ಪೆಡಲ್ ಪೂರ್ತಿ ನೆಲಕ್ಕೆ ಒತ್ತಿ ಹಿಡೀಲಿ. ನೀವು ಬಾನೆಟ್ ಕಡೆಯಿಂದ ಲಿವರ್ ನೋಡ್ರಿ. ಅದು ತನ್ನ ಕೊನೆಯ ಸ್ಟಾಪಿಗೆ ಹೋಗಿ ಮುಟ್ಟಿರಬೇಕು. ಕೈಯಿಂದ ಇನ್ನೂ ಮುಂದೆ ತಳ್ಳೋಕೆ ಬಂದರೆ ಎಂಜಿನ್ನಿಗೆ ಪೂರ್ತಿ ರೇಸ್ ಸಿಗ್ತಾ ಇಲ್ಲ ಅಂತ ಅರ್ಥ.

ಸುಮ್ಮನೆ ಹತ್ತು ಸಲ ಪಂಪ್ ಮಾಡಿಸಬ್ಯಾಡ್ರಿ. ಕಾರ್ಬ್ಯುರೇಟರಿನಲ್ಲಿ ಒಂದು ಸಣ್ಣ ಪಂಪ್ ಇದೆ, ಎಂಜಿನ್ ಬಂದ್ ಇದ್ದರೂ ಪ್ರತಿ ಸಲ ಒತ್ತಿದಾಗ ಪೆಟ್ರೋಲ್ ಚಿಮ್ಮತದೆ. ಓವರ್ ಆಗ್ತದೆ. ಹತ್ತಿರ ಬೀಡಿ ಸೇದುವವರು ಇದ್ದರೆ ದೂರ ಕಳಿಸ್ರಿ.

ದೇವಿಮನೆ ಡ್ರೈವರ್

ತಂಗಿಯನ್ನು ಕೂರಿಸಿದೆ. ಅವಳು ಒತ್ತಿದಾಗ "ಚಿಸ್" ಅಂತ ಪೆಟ್ರೋಲ್ ವಾಸನೆ ಬಂತು, ನೀವು ಹೇಳಿದ್ದು ಆಗ ಅರ್ಥ ಆಯಿತು. ಲಿವರ್ ಸ್ಟಾಪಿಗೆ ಮುಟ್ಟಲಿಲ್ಲ. ಬೆರಳಿನಲ್ಲಿ ತಳ್ಳಿದರೆ ಇನ್ನೂ ಮುಂದೆ ಹೋಗುತ್ತಿತ್ತು.

ಆಗ ಪುತ್ತೂರು ಅಣ್ಣನ ನೆನಪಾಯಿತು. ಎರಡೂ ಮ್ಯಾಟ್ ಎಳೆದು ಹೊರಗೆ ಹಾಕಿದೆ. ಮತ್ತೆ ಒತ್ತಿಸಿದೆ. "ಟಕ್" ಅಂತ ಹೋಗಿ ಮುಟ್ಟಿತು. ಹೊಸ ಕಾರ್ಬ್ಯುರೇಟರ್ ಹಾಕಿಸಿದ್ದರೂ ಈ ಮ್ಯಾಟ್ ಇರುವ ತನಕ ಅದೇ ಪಿಕಪ್ ಇರುತ್ತಿತ್ತು!

ಪುತ್ತೂರು ಓಮ್ನಿ

ನಾನು ಹೇಳಿಲ್ವಾ!

ಆದರೆ ಮ್ಯಾಟಿನ ಇನ್ನೊಂದು ಅಪಾಯ ಉಂಟು, ಅದನ್ನೂ ಬರೆಯುತ್ತೇನೆ. ಮಡಚಿದ ಅಂಚು ಪೆಡಲಿನ ಮೇಲೆ ಕೂತರೆ ಪೆಡಲ್ ವಾಪಸ್ ಬರುವುದಿಲ್ಲ. ನನಗೆ ಒಮ್ಮೆ ಸಂತೆ ದಿವಸ ಹಾಗಾಗಿದೆ. ಮುಂದೆ ತರಕಾರಿ ಗಾಡಿ, ನನ್ನ ಓಮ್ನಿ ಕಾಲು ತೆಗೆದರೂ ಓಡುತ್ತಿದೆ. ತಲೆ ಓಡಲಿಲ್ಲ, ಕಾಲು ಓಡಿತು. ಕ್ಲಚ್ ಪೂರ್ತಿ ಒತ್ತಿದೆ. ಎಂಜಿನ್ ಹುಚ್ಚು ಕಟ್ಟಿದ ಹಾಗೆ ಕಿರುಚಿತು, ಆದರೆ ಗಾಡಿಗೆ ಎಳೆತ ಹೋಯಿತು. ಬ್ರೇಕ್ ಹಾಕಿ, ನ್ಯೂಟ್ರಲ್ ಮಾಡಿ, ನಿಂತ ಮೇಲೆ ಕೀ ಆಫ್ ಮಾಡಿದೆ. ಓಡುವಾಗ ಕೀ ಹೊರಗೆ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಆಗಿ ಹೋಗ್ತದೆ.

ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಇಷ್ಟು ಹೇಳಿ ಇಡಿ. ಮಕ್ಕಳಿಗೂ.

ಹಿಂದಿನ ಸೀಟು

ನನಗೆ ಗಾಡಿ ಬರುವುದಿಲ್ಲ, ಸುಮ್ನೆ ಓದುತ್ತಿದ್ದೇನೆ. ಒಂದು ಸಂಶಯ. ಪೆಡಲಿನಲ್ಲಿ ಒಂದಿಂಚು ಖಾಲಿ ಅಂದಿರಿ, ಅಂದರೆ 25 ಮಿಲಿಮೀಟರ್. ಕೇಬಲ್ಲಿನಲ್ಲಿ ಅಳೆದಾಗ 12 ಅಂದಿರಿ. ಉಳಿದದ್ದು ಎಲ್ಲಿ ಹೋಯಿತು?

ಮೈಸೂರು ಇಂಜೆಕ್ಷನ್

ಎಲ್ಲೂ ಹೋಗಿಲ್ಲ. ಪೆಡಲ್ ಏತದ ಹಾಗೆ. ಕಾಲು ಇಡುವ ಕಡೆ ಉದ್ದ, ತಂತಿ ಸಿಕ್ಕಿಸುವ ಮೇಲಿನ ತುದಿ ಗಿಡ್ಡ. ಕಾಲು ಜಾಸ್ತಿ ದೂರ ಹೋದರೆ ತಂತಿ ಸ್ವಲ್ಪ ಸರಿಯುತ್ತದೆ. ಅದಕ್ಕೇ ಕೇಬಲ್ಲಿನಲ್ಲಿ ಚೂರು ಲೂಸ್ ಆದರೂ ಕಾಲಿಗೆ ದೊಡ್ಡದಾಗಿ ಗೊತ್ತಾಗುತ್ತದೆ. ಜೊತೆಗೆ ಅವರು ಅಳೆದದ್ದು ತಂತಿಯನ್ನು ಅಡ್ಡ ಒತ್ತಿ, ಉದ್ದಕ್ಕೆ ಎಳೆದಲ್ಲ. ಎರಡೂ ಒಂದೇ ಲೆಕ್ಕಕ್ಕೆ ಸಿಗಲ್ಲ.

ದೇವಿಮನೆ ಡ್ರೈವರ್

ಸ್ನೇಹಿತರೇ, ಮತ್ತೆ ಬಂದೆ. ಹೋದ ಗುರುವಾರ ಕುಮಟಾಕ್ಕೆ ಹೋಗಿದ್ದೆ. ಹತ್ತುವಾಗ ಮೊದಲ ಅರ್ಧ ಘಟ್ಟ ಭರ್ಜರಿ, ಎರಡನೇ ಗೇರಿನಲ್ಲೇ ಎಲ್ಲ ತಿರುವು. ಮನೆಗೆ ಬರುವಷ್ಟರಲ್ಲಿ ಪೆಡಲ್ ಮತ್ತೆ ಖಾಲಿ ಆಡುತ್ತಿದೆ. ಬಾನೆಟ್ ಎತ್ತಿ ನೋಡಿದರೆ 9 ಮಿಲಿಮೀಟರ್. ನಟ್‌ಗಳು ಬಿಗಿಯಾಗೇ ಇವೆ, ಜಾರಿಲ್ಲ. ಬ್ರಾಕೆಟ್ ಅಲುಗಾಡುವುದಿಲ್ಲ. ಇನ್ನೂ ಎರಡು ಸುತ್ತು ಬಿಗಿ ಮಾಡಲಾ?

ಪಾನಾ ಪಕ್ಕಡ್

ಬ್ಯಾಡ. ಗಾಡಿ ಹೊರಗೆ ತೆಗೀಬ್ಯಾಡ್ರಿ.

ಐದು ದಿನದಲ್ಲಿ ಲೂಸ್ ವಾಪಸ್ ಬಂತು ಅಂದರೆ ತಂತಿ ಕಡೀತಾ ಇದೆ. ಒಳಗಿನ ತಂತಿ ಒಂದೇ ಅಲ್ಲ, ಸಣ್ಣ ಸಣ್ಣ ಎಳೆ ಹೊಸೆದದ್ದು. ಒಂದೊಂದೇ ಎಳೆ ತುಂಡಾದ ಹಾಗೆ ಉಳಿದವು ಜಗ್ಗಿ ಬಿಚ್ಚಿಕೊಳ್ತಾವೆ. ನೋಡೋರಿಗೆ ಕೇಬಲ್ ಉದ್ದ ಆದ ಹಾಗೆ ಕಾಣ್ತದೆ. ಕಾರ್ಬ್ಯುರೇಟರ್ ಕಡೆ ಚೆನ್ನಾಗಿ ಕಂಡರೂ ನಂಬಬ್ಯಾಡ್ರಿ. ಟಾರ್ಚ್ ಹಿಡಿದು ಪೆಡಲಿನ ಮೇಲಿನ ತುದಿ ನೋಡ್ರಿ, ತಂತಿಯ ಕೊನೆಯ ಗುಂಡು ಸಿಕ್ಕಿಸಿರುವ ಜಾಗ. ಬಟ್ಟೆಯಿಂದ ಸವರ್ರಿ, ಬೆರಳಿನಿಂದ ಬ್ಯಾಡ.

ದೇವಿಮನೆ ಡ್ರೈವರ್

ಡ್ರೈವರ್ ಸೀಟ್ ಹಿಂದಕ್ಕೆ ತಳ್ಳಿ, ಡ್ಯಾಶ್‌ಬೋರ್ಡ್ ಕೆಳಗೆ ಬೆನ್ನಡಿ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನೋಡಿದೆ. ಹಳೇ ಬನಿಯನ್ ಬಟ್ಟೆ ಸವರಿದ ಕೂಡಲೇ ಸಿಕ್ಕಿಕೊಂಡಿತು.

ಗುಂಡಿನ ಹತ್ತಿರ ತಂತಿ ಹಿಡಿಸೂಡಿಯ ತುದಿಯ ಹಾಗೆ ಕೆದರಿದೆ. ಎಣಿಸಿದೆ. ಆರು ಎಳೆ ತುಂಡಾಗಿ ಸುತ್ತ ಚುಚ್ಚಿಕೊಂಡು ನಿಂತಿವೆ. ಗಟ್ಟಿ ಇರುವುದು ನಾಲ್ಕೋ ಐದೋ. ಹೊರಕವಚ ಗಾಡಿಯ ಗೋಡೆಯನ್ನು ದಾಟುವ ಕಡೆ ರಬ್ಬರ್ ತುಂಡೂ ಜಾರಿ ಓರೆಯಾಗಿದೆ. ಅದಕ್ಕೇ ತಂತಿ ನೇರ ಬರದೆ ಅಂಚಿಗೆ ತಿಕ್ಕಿಕೊಂಡು ಬರುತ್ತಿತ್ತು. ಗುರುವಾರ ಘಟ್ಟದ ನಡುವೆ ಇದು ಕಡಿದಿದ್ದರೆ ಅಂತ ಯೋಚಿಸಿದೆ, ಬಸ್ಸಿನವನ ಹಾರ್ನ್ ಕಿವಿಯಲ್ಲಿ ಕೇಳಿಸಿತು.

ಪುತ್ತೂರು ಓಮ್ನಿ

ಕಡಿದರೆ ಗಾಡಿ ಸ್ಲೋನಲ್ಲಿ ನಿಲ್ಲುತ್ತದೆ, ಸ್ಪ್ರಿಂಗ್ ಥ್ರಾಟಲ್ ಮುಚ್ಚುತ್ತದಲ್ಲ. ಅದು ಒಂದು ಪುಣ್ಯ. ಆದರೆ ಆ ಕೆದರಿದ ಎಳೆ ಕವಚದ ಬಾಯಿಗೆ ಸಿಕ್ಕಿಕೊಂಡರೆ ಉಲ್ಟಾ, ಮುಚ್ಚುವುದೇ ಇಲ್ಲ. ಅದು ಹೆದರುವ ವಿಷಯ.

ಬೈಕ್ ಹುಡುಗ

ಸರಿ, ಒಪ್ಪಿದೆ. ಆಯಿಲ್ ಹಾಕಿದ್ದರೂ ಇದು ಉಳಿಯುತ್ತಿರಲಿಲ್ಲ. ದೇವಿಮನೆ ಅಣ್ಣ, ಹೊಸ ಕೇಬಲ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟು ಉದ್ದ, ಗುಂಡು, ಥ್ರೆಡ್ ಮೂರೂ ನೋಡಿ. ಕಾರ್ಬ್ಯುರೇಟರ್ ಗಾಡಿದು ಬೇರೆ, ಎಂಪಿಎಫ್‌ಐದು ಬೇರೆ. ನನಗೆ ಒಮ್ಮೆ ಎರಡು ಇಂಚು ಉದ್ದದ್ದು ಕೊಟ್ಟು ಕಳಿಸಿದ್ದರು.

ದೇವಿಮನೆ ಡ್ರೈವರ್

ಹಾಗೇ ಮಾಡಿದೆ. ಮೊದಲ ಅಂಗಡಿಯಲ್ಲಿ ಕೊಟ್ಟದ್ದರ ಗುಂಡು ದೊಡ್ಡದು, ಪೆಡಲಿನ ಸೀಳಿಗೆ ಕೂರುತ್ತಿರಲಿಲ್ಲ. ಎರಡನೇ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು. ಹಾಕುವುದು ಬಿಗಿ ಮಾಡಿದ್ದಕ್ಕಿಂತ ಸುಲಭ ಆಯಿತು. ಮೊದಲು ಪೆಡಲ್ ಕಡೆ ಗುಂಡು ಸಿಕ್ಕಿಸಿ, ಗೋಡೆಯ ರಬ್ಬರನ್ನು ನೆಟ್ಟಗೆ ಕೂರಿಸಿ, ಎಲ್ಲೂ ಚೂಪಾಗಿ ಬಾಗದ ಹಾಗೆ ದಾರಿ ಮಾಡಿ, ಕೊನೆಗೆ ಕಾರ್ಬ್ಯುರೇಟರ್ ಕಡೆ. 4 ಮಿಲಿಮೀಟರಿಗೆ ನಿಲ್ಲಿಸಿದ್ದೇನೆ. ಆಯಿಲ್ ಹಾಕಿಲ್ಲ, ಬೈಕ್ ಅಣ್ಣ ಕ್ಷಮಿಸಿ.

ಒಂದು ವಾರ ಆಯಿತು, 4 ಅಂದರೆ 4ರಲ್ಲೇ ಇದೆ. ಘಟ್ಟ ಎರಡು ಸಲ ಹತ್ತಿದೆ. ಕಾಯರ್ ಮ್ಯಾಟ್ ಈಗ ಹಜಾರದ ಬಾಗಿಲಲ್ಲಿದೆ.

ಗಾಡಿಯ ಕೆಲಸ ಮುಗಿಯಿತು. ಇನ್ನೊಂದು ಪ್ರಶ್ನೆ ಮಾತ್ರ ಉಳಿದಿದೆ. ಅಪ್ಪ ಹಳೇ ಕೇಬಲ್ ಎಸೆಯಲು ಬಿಡುತ್ತಿಲ್ಲ. ಒಳತಂತಿ ಎಳೆದು ತೆಗೆದು, ಕವಚವನ್ನು ಮೆಣಸಿನ ಬಳ್ಳಿ ಕಟ್ಟಲು ಇಟ್ಟುಕೊಂಡಿದ್ದಾರೆ. ಬಳ್ಳಿಗೆ ಕೊಯ್ಯುತ್ತದಾ?

ಪುತ್ತೂರು ಓಮ್ನಿ

ಸಡಿಲ ಬಿಟ್ಟು ಕಟ್ಟಲಿಕ್ಕೆ ಹೇಳಿ. ಪೆನ್ಸಿಲ್ಲಿನ ಅರ್ಧ ದಪ್ಪ. 😄